ದುಬೈನಲ್ಲಿ ವಿದೇಶಿ ಬ್ಯಾಂಕಿನ ಶಾಖೆ: ಕಂಪನಿ ಖಾತೆ, ಕಾರ್ಪೊರೇಟ್ ಕಾರ್ಡ್ ಮತ್ತು ಪಾವತಿಗೆ ಸಮಗ್ರ ಮಾರ್ಗದರ್ಶಿ

ದುಬೈನಲ್ಲಿ ಕಂಪನಿಯ ಲೈಸೆನ್ಸ್ ತೆಗೆಯುವುದು ಈಗ ದೊಡ್ಡ ವಿಷಯವಲ್ಲ. ಕಷ್ಟ ಶುರುವಾಗುವುದು ಬ್ಯಾಂಕಿನಲ್ಲಿ. ಖಾತೆ ಸಿಕ್ಕಿತು ಅನ್ನುವಷ್ಟರಲ್ಲಿ ಸಂಬಳದ ಫೈಲು, ಬಾಡಿಗೆ ಚೆಕ್ಕು, ಸೇಲ್ಸ್ ಹುಡುಗರಿಗೆ ಕಾರ್ಡು, ಬೆಂಗಳೂರಿನ ಪೂರೈಕೆದಾರನಿಗೆ ಡಾಲರ್, ಎಲ್ಲವೂ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋಗಿ ಅಲ್ಲಿನ ಕಂಪನಿಗಳ ಲೆಕ್ಕ ನೋಡುವವರು ಬಹಳ ಜನ ಇದ್ದಾರೆ. ಬೆಂಗಳೂರಿನಿಂದ ಅಂಗಸಂಸ್ಥೆ ತೆರೆಯುವವರೂ ಇದ್ದಾರೆ. ಈ ಬರಹ ಅವರಿಗಾಗಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾರು ಖರ್ಚು ಮಾಡಬಹುದು, ಯಾರು ಒಪ್ಪಿಗೆ ಕೊಡಬೇಕು, ಅದರ ಕಾಗದ ಎಲ್ಲಿರಬೇಕು: ಈ ಮೂರನ್ನು ಬ್ಯಾಂಕಿಗೆ ಹೋಗುವ ಮೊದಲೇ ಕಂಪನಿಯೊಳಗೆ ತೀರ್ಮಾನ ಮಾಡಿ ಬರೆದಿಡಿ. ಕಾರ್ಡ್ ಕೈಗೆ ಬಂದ ಮೇಲೆ ನಿಯಮ ಮಾಡೋಣ ಅಂದುಕೊಂಡರೆ ಆ ನಿಯಮ ಆಗುವುದೇ ಇಲ್ಲ. ಕೆಳಗಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ.

ಹಂತ 1: ಆ ಶಾಖೆಗೆ ಯಾವ ಲೈಸೆನ್ಸ್ ಇದೆ ಅಂತ ನೋಡಿ

ಯುಎಇಯಲ್ಲಿ ವಿದೇಶಿ ಬ್ಯಾಂಕುಗಳು ಹೊಸಬರೇನಲ್ಲ. ಇಂದಿನ ಎಚ್‌ಎಸ್‌ಬಿಸಿಯ ಹಿಂದಿನ ರೂಪ ದುಬೈಗೆ ಬಂದದ್ದು 1946ರಲ್ಲಿ, ಆ ಊರಿನ ಮೊದಲ ಬ್ಯಾಂಕಾಗಿ. ಸಿಟಿಬ್ಯಾಂಕ್ 1964ರಲ್ಲಿ ಬಂತು. ನಮ್ಮ ಬ್ಯಾಂಕ್ ಆಫ್ ಬರೋಡಾ 1974ರಿಂದ ಅಲ್ಲಿದೆ. ಭಾರತೀಯ ಬ್ಯಾಂಕ್ ಕೂಡ ಅಲ್ಲಿ ವಿದೇಶಿ ಬ್ಯಾಂಕೇ ಅನ್ನುವುದು ನೆನಪಿರಲಿ. ಊರಿನಲ್ಲಿ ಅದೇ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇದ್ದರೂ, ದುಬೈ ಶಾಖೆ ನಡೆಯುವುದು ಯುಎಇ ಸೆಂಟ್ರಲ್ ಬ್ಯಾಂಕಿನ ನಿಯಮದ ಪ್ರಕಾರ. ಊರಿನ ಮ್ಯಾನೇಜರ್ ಒಂದು ಫೋನ್ ಮಾಡಿದರೆ ಕೆಲಸ ಆಗುತ್ತದೆ ಅನ್ನುವುದು ಸುಮ್ನೆ ಆಸೆ ಅಷ್ಟೆ.

ಬೋರ್ಡಿನ ಮೇಲೆ ಒಂದೇ ಹೆಸರಿದ್ದರೂ ಒಳಗಿನ ಕೆಲಸ ಬೇರೆ ಬೇರೆ ಇರಬಹುದು. ಸೆಂಟ್ರಲ್ ಬ್ಯಾಂಕಿನ ಪೂರ್ಣ ಲೈಸೆನ್ಸ್ ಇರುವ ಶಾಖೆ ದಿರ್ಹಮ್ ಖಾತೆ ತೆರೆಯುತ್ತದೆ, ಚೆಕ್ ಬುಕ್ ಕೊಡುತ್ತದೆ, ಕಾರ್ಡ್ ಕೊಡುತ್ತದೆ. ದುಬೈ ಇಂಟರ್‌ನ್ಯಾಷನಲ್ ಫೈನಾನ್ಷಿಯಲ್ ಸೆಂಟರ್, ಅಂದರೆ ಎಲ್ಲರೂ ಡಿಐಎಫ್‌ಸಿ ಅನ್ನುವ ಜಾಗದ ಒಳಗಿನ ಶಾಖೆಗೆ ಬೇರೆಯೇ ನಿಯಂತ್ರಕ ಸಂಸ್ಥೆ ಇದೆ. ಅಲ್ಲಿ ಸಾಮಾನ್ಯವಾಗಿ ದೊಡ್ಡ ಸಾಲ, ವ್ಯಾಪಾರ ಹಣಕಾಸಿನ ಕೆಲಸ ನಡೆಯುತ್ತದೆ. ನಿಮ್ಮ ಕಚೇರಿ ಬಾಡಿಗೆಗೆ, ದಿನದ ಖರ್ಚಿಗೆ ಅದು ಹೊಂದುವುದಿಲ್ಲ. ಪ್ರತಿನಿಧಿ ಕಚೇರಿ ಅಂತ ಬೋರ್ಡ್ ಇದ್ದರೆ ಅಲ್ಲಿ ಠೇವಣಿ ತೆಗೆದುಕೊಳ್ಳುವುದೇ ಇಲ್ಲ.

ಹಾಗಾಗಿ ಮೊದಲ ಭೇಟಿಯಲ್ಲೇ ಐದು ಪ್ರಶ್ನೆ ಕೇಳಿ. ದಿರ್ಹಮ್ ಚಾಲ್ತಿ ಖಾತೆ ಕೊಡ್ತೀರಾ? ನಿಮ್ಮ ಶಾಖೆಯಿಂದ ಡಬ್ಲ್ಯುಪಿಎಸ್ (ಸರ್ಕಾರದ ವೇತನ ಸಂರಕ್ಷಣಾ ವ್ಯವಸ್ಥೆ) ಮೂಲಕ ಸಂಬಳ ಕಳಿಸಬಹುದಾ? ಕಾರ್ಪೊರೇಟ್ ಕಾರ್ಡ್ ಅಂದರೆ ಕ್ರೆಡಿಟ್ಟಾ, ಡೆಬಿಟ್ಟಾ, ಪ್ರಿಪೇಯ್ಡಾ? ಆನ್‌ಲೈನ್‌ನಲ್ಲಿ ಒಬ್ಬರು ಹಾಕಿ ಇನ್ನೊಬ್ಬರು ಒಪ್ಪುವ ವ್ಯವಸ್ಥೆ ಇದೆಯಾ? ಖಾತೆಯಲ್ಲಿ ಕನಿಷ್ಠ ಎಷ್ಟು ಹಣ ಇಡಬೇಕು, ಇಡದಿದ್ದರೆ ತಿಂಗಳಿಗೆ ಎಷ್ಟು ಕಡಿತ? ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ರಿಲೇಶನ್‌ಶಿಪ್ ಮ್ಯಾನೇಜರ್‌ಗಳು ಬದಲಾಗುತ್ತಲೇ ಇರುತ್ತಾರೆ, ಬಾಯಿಮಾತು ಅವರ ಜೊತೆಗೇ ಹೋಗುತ್ತದೆ.

ಹಂತ 2: ಸಹಿ ಯಾರದ್ದು, ಒಪ್ಪಿಗೆ ಯಾರದ್ದು

ಬೋರ್ಡ್ ನಿರ್ಣಯ ಬರೆಯುವಾಗ ಬ್ಯಾಂಕ್ ಕೊಟ್ಟ ಮಾದರಿಗೆ ಹಾಗೇ ಸಹಿ ಹಾಕಿಬಿಡಬೇಡಿ. ಅದರಲ್ಲಿ ಹೆಚ್ಚಾಗಿ ಒಬ್ಬ ಮ್ಯಾನೇಜರ್‌ಗೆ ಎಲ್ಲ ಅಧಿಕಾರವನ್ನೂ ಕೊಡುವ ಸಾಲು ಇರುತ್ತದೆ. ಖಾತೆ ನಡೆಸುವುದು, ಸಾಲ ತೆಗೆಯುವುದು, ಕಾರ್ಡ್‌ಗೆ ಅರ್ಜಿ ಹಾಕುವುದು, ಗ್ಯಾರಂಟಿ ಕೊಡುವುದು, ಈ ನಾಲ್ಕೂ ಬೇರೆ ಬೇರೆ ಅಧಿಕಾರ. ಬೇರೆ ಬೇರೆಯಾಗಿಯೇ ಬರೆಸಿ.

ಪಾವತಿಗೆ ಎರಡು ಜನ ಇರಲಿ. ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ಬಿಲ್ ನೋಡಿ ಬಿಡುಗಡೆ ಮಾಡಬೇಕು. ಬ್ಯಾಂಕಿನವರು ಇದಕ್ಕೆ ಮೇಕರ್, ಚೆಕರ್ ಅನ್ನುತ್ತಾರೆ. ಮೂರೇ ಜನರ ಕಂಪನಿ ಆದರೂ ಇದನ್ನು ಬಿಡಬೇಡಿ. ಮಾಲೀಕ ಬೆಂಗಳೂರಿನಲ್ಲಿದ್ದರೆ ಆತನೇ ಮೊಬೈಲ್ ಆಪ್‌ನಲ್ಲಿ ಚೆಕರ್ ಆಗಬಹುದು. ಮೇಕರ್‌ನ ಪಾಸ್‌ವರ್ಡ್ ಚೆಕರ್‌ಗೆ ಗೊತ್ತಿದ್ದರೆ, ಅಥವಾ ಲಾಗಿನ್ ಕೋಡ್ ಕೊಡುವ ಎರಡೂ ಟೋಕನ್ ಒಬ್ಬನ ಡ್ರಾಯರ್‌ನಲ್ಲಿದ್ದರೆ, ಕಾಗದದ ಮೇಲೆ ಇಬ್ಬರು ಇದ್ದೂ ಇಲ್ಲದ ಹಾಗೇ ಅಲ್ವಾ? ಚೆಕರ್ ರಜೆಗೆ ಊರಿಗೆ ಹೋದಾಗ ಯಾರು ಅನ್ನುವುದನ್ನೂ ಈಗಲೇ ಬರೆದಿಡಿ. ಎಲ್ಲ ತಪ್ಪೂ ನಡೆಯುವುದು ಆ ಎರಡು ವಾರದಲ್ಲೇ.

ಹಂತ 3: ಕಾಗದಪತ್ರ

ದುಬೈ ಕಡೆಯದ್ದು: ಟ್ರೇಡ್ ಲೈಸೆನ್ಸ್, ಮೆಮೊರಾಂಡಮ್, ಷೇರು ಪ್ರಮಾಣಪತ್ರ, ಮ್ಯಾನೇಜರ್ ಮತ್ತು ಸಹಿದಾರರ ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ, ಕಚೇರಿಯ ಎಜಾರಿ (ಬಾಡಿಗೆ ಒಪ್ಪಂದದ ಸರ್ಕಾರಿ ನೋಂದಣಿ) ಅಥವಾ ಫ್ರೀ ಝೋನ್‌ನ ಲೀಸ್. ಜೊತೆಗೆ ಅಂತಿಮ ಮಾಲೀಕರು ಯಾರು ಅನ್ನುವ ಘೋಷಣೆ. ನೇರವಾಗಿಯೋ ಬೇರೆ ಕಂಪನಿ ಮೂಲಕವೋ ಶೇಕಡ 25 ಅಥವಾ ಜಾಸ್ತಿ ಪಾಲು ಇರುವ ಪ್ರತಿಯೊಬ್ಬ ಮನುಷ್ಯನ ಹೆಸರೂ ಅದರಲ್ಲಿ ಇರಬೇಕು. ಕಂಪನಿಯ ಮೇಲೊಂದು ಕಂಪನಿ, ಅದರ ಮೇಲೊಂದು ಅಂತ ಇದ್ದರೆ ಒಂದು ಹಾಳೆಯಲ್ಲಿ ಚಿತ್ರ ಬರೆದು ಕೊಡಿ. ಅದರಿಂದ ವಾರಗಟ್ಟಲೆ ಉಳಿಯುತ್ತದೆ.

ಷೇರುದಾರ ಭಾರತದ ಕಂಪನಿಯಾದರೆ ಅದರ ನೋಂದಣಿ ಪತ್ರ, ಮೆಮೊರಾಂಡಮ್, ಬೋರ್ಡ್ ನಿರ್ಣಯಕ್ಕೆ ಅಟೆಸ್ಟೇಶನ್, ಅಂದರೆ ಅಧಿಕೃತ ದೃಢೀಕರಣ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಯುರೋಪಿಗೆ ಕಾಗದ ಕಳಿಸಿ ಅಭ್ಯಾಸ ಇರುವವರು ಅಪಾಸ್ಟಿಲ್ (ಹೇಗ್ ಒಪ್ಪಂದದ ದೇಶಗಳು ಒಪ್ಪುವ ಒಂದೇ ದೃಢೀಕರಣ) ಮಾಡಿಸಿಕೊಂಡು ಬಂದುಬಿಡುತ್ತಾರೆ. ಯುಎಇಗೆ ಅದು ಸಾಲದು. ನೋಟರಿ, ಚೇಂಬರ್ ಆಫ್ ಕಾಮರ್ಸ್, ನಮ್ಮ ವಿದೇಶಾಂಗ ಸಚಿವಾಲಯ, ಯುಎಇ ದೂತಾವಾಸ, ಕೊನೆಗೆ ಅಲ್ಲಿಗೆ ಹೋದ ಮೇಲೆ ಯುಎಇಯ ವಿದೇಶಾಂಗ ಸಚಿವಾಲಯ, ಹೀಗೆ ಸರಪಳಿ ಸಾಗುತ್ತದೆ. ಕೆಲವು ಕಾಗದಕ್ಕೆ ಅರಬ್ಬಿ ಅನುವಾದವೂ ಬೇಕು. ಮೂಲಪ್ರತಿ ಎರಡು ಸೆಟ್ ಮಾಡಿಸಿ: ಒಂದು ಲೈಸೆನ್ಸ್ ಇಲಾಖೆಗೆ, ಒಂದು ಬ್ಯಾಂಕಿಗೆ.

ಇಷ್ಟೆಲ್ಲ ಕೊಟ್ಟರೂ ಬ್ಯಾಂಕಿನ ಕಂಪ್ಲಯನ್ಸ್ (ನಿಯಮ ಪಾಲನೆ ನೋಡುವ) ವಿಭಾಗ ನಿಜವಾಗಿ ನೋಡುವುದು ಒಂದೇ ಪ್ರಶ್ನೆಯನ್ನು: ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಅದಕ್ಕೆ ಎರಡು ಪುಟದ ವ್ಯವಹಾರ ವಿವರ ಬರೆಯಿರಿ. ಮೊದಲ ವರ್ಷ ಯಾವ ಗ್ರಾಹಕರಿಂದ ಸುಮಾರು ಎಷ್ಟು ಬರಬಹುದು, ಯಾವ ದೇಶಗಳಿಗೆ ಎಷ್ಟು ಹೋಗಬಹುದು, ಕೈಯಲ್ಲಿರುವ ಒಪ್ಪಂದ ಯಾವುದು. ‘ಜನರಲ್ ಟ್ರೇಡಿಂಗ್’ ಅಂತ ಲೈಸೆನ್ಸ್ ಇದ್ದು, ಏನು ವ್ಯಾಪಾರ ಅಂದರೆ ಎಲ್ಲವೂ ಅಂತ ಹೇಳಿದರೆ ಫೈಲು ಅಲ್ಲೇ ನಿಲ್ಲುತ್ತದೆ. ಪೀಣ್ಯದಿಂದ ವಾಲ್ವ್ ತಂದು ಶಾರ್ಜಾದ ಗುತ್ತಿಗೆದಾರರಿಗೆ ಮಾರುತ್ತೇವೆ, ಇದೋ ಬಿಲ್ಲು ಅಂದರೆ ಮುಂದೆ ಹೋಗುತ್ತದೆ. ಅಂದಾಜು ಮೊತ್ತವನ್ನು ಉಬ್ಬಿಸಬೇಡಿ, ತೀರಾ ಇಳಿಸಲೂಬೇಡಿ. ಮುಂದೆ ನಿಮ್ಮ ಪ್ರತಿ ದೊಡ್ಡ ಪಾವತಿಯನ್ನೂ ಇದೇ ಹಾಳೆಗೆ ಹೋಲಿಸಿ ನೋಡುತ್ತಾರೆ.

ಹಂತ 4: ಭಾರತದ ಕಡೆಯ ನಿಯಮ ಮರೆಯಬೇಡಿ

ಯುಎಇಯಲ್ಲೇ ನೆಲೆಸಿರುವ ಮಾಲೀಕ ತನ್ನ ಅಲ್ಲಿಯ ಸಂಪಾದನೆಯಿಂದ ಕಂಪನಿ ಮಾಡಿದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ. ಬೆಂಗಳೂರಿನ ಕಂಪನಿಯ ಅಂಗಸಂಸ್ಥೆ ಆದರೆ ಓದಿ.

ಅಂಗಸಂಸ್ಥೆಗೆ ಬಂಡವಾಳ ಕಳಿಸುವುದು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಅಡಿಯಲ್ಲಿ 2022ರ ಆಗಸ್ಟ್‌ನಲ್ಲಿ ಬಂದ ವಿದೇಶಿ ಹೂಡಿಕೆ ನಿಯಮಗಳ ಪ್ರಕಾರ ಆಗಬೇಕು. ಭಾರತದ ಅಧಿಕೃತ ಡೀಲರ್ ಬ್ಯಾಂಕಿಗೆ (ವಿದೇಶಿ ವಿನಿಮಯ ನಡೆಸಲು ಅನುಮತಿ ಇರುವ ಬ್ಯಾಂಕಿಗೆ) ಫಾರ್ಮ್ ಎಫ್‌ಸಿ, ಅಂದರೆ ಹಣಕಾಸು ಬದ್ಧತೆಯ ಫಾರ್ಮ್ ಕೊಡಬೇಕು, ಆ ವಿದೇಶಿ ಕಂಪನಿಗೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ, ಹಣ ಆ ಸಂಖ್ಯೆಯ ಮೇಲೆಯೇ ಹೋಗಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ ಸಲ್ಲಿಸಬೇಕು. ಆ ಸಂಖ್ಯೆ ಸಿಗುತ್ತಿಲ್ಲ ಅಂತ ನಿರ್ದೇಶಕರ ವೈಯಕ್ತಿಕ ಖಾತೆಯಿಂದ ಎಲ್‌ಆರ್‌ಎಸ್ (ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕ್ ಯೋಜನೆ) ಹೆಸರಲ್ಲಿ ಹಣ ಕಳಿಸಿ ದುಬೈ ಕಂಪನಿಯ ಖರ್ಚು ತೂಗಿಸುವುದು ಬೇಡ. ಅದನ್ನು ಆಮೇಲೆ ಬಿಡಿಸಿ ಹೇಳಲು ಆಗುವುದಿಲ್ಲ.

ಇನ್ನೊಂದು ವಿಷಯ ಕಾರ್ಡ್‌ಗೆ ನೇರವಾಗಿ ಸಂಬಂಧಿಸಿದ್ದು. ಹೊಸ ಕಂಪನಿಗೆ ಕ್ರೆಡಿಟ್ ಮಿತಿ ಕೊಡಲು ದುಬೈ ಶಾಖೆ ಎಷ್ಟೋ ಸಲ ಮಾತೃಸಂಸ್ಥೆಯ ಗ್ಯಾರಂಟಿ ಕೇಳುತ್ತದೆ. ಒಂದು ಪತ್ರ ತಾನೇ ಅಂತ ಬೆಂಗಳೂರಿನವರು ಸಹಿ ಹಾಕಿ ಕಳಿಸುತ್ತಾರೆ. ಆ ಪತ್ರವೂ ಹಣಕಾಸು ಬದ್ಧತೆಯೇ. ಮಾತೃಸಂಸ್ಥೆಯ ನಿವ್ವಳ ಮೌಲ್ಯದ ಶೇಕಡ 400ರ ಮಿತಿಯೊಳಗೆ ಅದು ಲೆಕ್ಕಕ್ಕೆ ಬರುತ್ತದೆ, ಫಾರ್ಮ್ ಎಫ್‌ಸಿಯಲ್ಲಿ ವರದಿ ಆಗಬೇಕು. ಕಾರ್ಡ್ ಮಿತಿ ಸಣ್ಣದಾದರೂ ನಿಯಮ ಇದೇ. ಗ್ಯಾರಂಟಿಯ ಬದಲು ದುಬೈ ಖಾತೆಯಲ್ಲೇ ಠೇವಣಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆದುಕೊಳ್ಳುವುದು ಮೊದಲ ವರ್ಷಕ್ಕೆ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ.

ಹಂತ 5: ಯಾವ ಕಾರ್ಡ್, ಹೊಣೆ ಯಾರದ್ದು

ಕಾರ್ಪೊರೇಟ್ ಕಾರ್ಡ್ ಅಂತ ಎಲ್ಲರೂ ಒಂದೇ ಹೆಸರಲ್ಲಿ ಕರೆದರೂ ನಾಲ್ಕು ಬಗೆ ಇವೆ. ಡೆಬಿಟ್ ಕಾರ್ಡ್‌ನಲ್ಲಿ ಹಣ ಆಗಲೇ ಖಾತೆಯಿಂದ ಹೋಗುತ್ತದೆ. ಪ್ರಿಪೇಯ್ಡ್‌ನಲ್ಲಿ ನೀವು ತುಂಬಿದಷ್ಟೇ. ಚಾರ್ಜ್ ಕಾರ್ಡ್‌ನಲ್ಲಿ ತಿಂಗಳಿಗೊಮ್ಮೆ ಪೂರ್ತಿ ಕಟ್ಟಬೇಕು. ಕ್ರೆಡಿಟ್ ಕಾರ್ಡ್‌ನಲ್ಲಿ ಬಾಕಿ ಉಳಿಸಬಹುದು, ಬಡ್ಡಿ ತೆರಬೇಕು.

ಕಳುವಾದರೆ ಆಗುವ ನಷ್ಟದ ದೃಷ್ಟಿಯಿಂದ ನೋಡಿ. ಮುಖ್ಯ ಖಾತೆಗೆ ಜೋಡಿಸಿದ ಡೆಬಿಟ್ ಕಾರ್ಡ್‌ನ ನಂಬರ್ ಸೋರಿದರೆ ಸಂಬಳಕ್ಕೆ ಇಟ್ಟ ಹಣವೇ ಹೋಗಬಹುದು. ದೂರು ಕೊಟ್ಟು ವಾಪಸ್ ಬರುವವರೆಗೆ ನೌಕರರು ಕಾಯುವುದಿಲ್ಲವಲ್ಲ. ಹಾಗಾಗಿ ಮುಖ್ಯ ಖಾತೆಗೆ ಡೆಬಿಟ್ ಕಾರ್ಡ್ ಬೇಡವೇ ಬೇಡ ಅನ್ನುವವನು ನಾನು. ಡೆಬಿಟ್ ಕಾರ್ಡೇ ಗತಿ ಅನ್ನುವಂತಿದ್ದರೆ ಖರ್ಚಿಗೆಂದೇ ಎರಡನೇ ಖಾತೆ ತೆರೆಸಿ, ವಾರಕ್ಕೆ ಬೇಕಾದಷ್ಟು ಮಾತ್ರ ಅದಕ್ಕೆ ಹಾಕಿ.

ಅರ್ಜಿಯಲ್ಲಿ ಹೊಣೆಗಾರಿಕೆಯ ಸಾಲನ್ನು ಹುಡುಕಿ ಓದಿ. ಕಂಪನಿಯ ಹೊಣೆ, ನೌಕರನ ಹೊಣೆ, ಇಬ್ಬರದ್ದೂ ಸೇರಿದ ಹೊಣೆ, ಹೀಗೆ ಮೂರು ರೀತಿ ಇರುತ್ತವೆ. ಜಂಟಿ ಹೊಣೆ ಅಂದರೆ ಕಂಪನಿ ಕಟ್ಟದಿದ್ದರೆ ಬ್ಯಾಂಕು ನೌಕರನನ್ನು ಹಿಡಿಯಬಹುದು. ಸಾಲ ತೀರಿಸಿದ ದಾಖಲೆ ಇಡುವ ಅಲ್ಲಿಯ ಅಲ್ ಎತಿಹಾದ್ ಕ್ರೆಡಿಟ್ ಬ್ಯೂರೋದಲ್ಲಿ ಆತನ ಹೆಸರಿಗೆ ಕಪ್ಪು ಚುಕ್ಕೆ ಬಿದ್ದರೆ ಮುಂದೆ ಕಾರು ಸಾಲವೂ ಸಿಗದು. ನೀವು ನೌಕರರಾಗಿದ್ದು ಇದನ್ನು ಓದುತ್ತಿದ್ದರೆ, ಮ್ಯಾನೇಜರ್ ಅವಸರ ಮಾಡಿದರೂ ಈ ಒಂದು ಸಾಲು ಓದದೆ ಸಹಿ ಹಾಕಬೇಡಿ.

ಹಂತ 6: ಮಿತಿ ಹಾಕುವುದು

ಪ್ರತಿ ಕಾರ್ಡ್‌ಗೂ ತಿಂಗಳ ಮಿತಿ, ಒಂದು ವಹಿವಾಟಿನ ಮಿತಿ ಎರಡೂ ಇರಲಿ. ಎಟಿಎಂ ನಗದು ಮುಚ್ಚಿಸಿಬಿಡಿ. ನಗದು ತೆಗೆದ ಕೂಡಲೇ ಶುಲ್ಕ ಬೀಳುತ್ತದೆ, ಬಿಲ್ಲೂ ಇರುವುದಿಲ್ಲ.

ಪ್ರತಿ ಅಂಗಡಿಗೂ ಕಾರ್ಡ್ ಜಾಲದಲ್ಲಿ ನಾಲ್ಕು ಅಂಕಿಯ ವರ್ಗ ಸಂಖ್ಯೆ ಇರುತ್ತದೆ. 5812 ಹೋಟೆಲ್ ಊಟ, 5541 ಪೆಟ್ರೋಲ್ ಬಂಕ್, 4722 ಟ್ರಾವೆಲ್ ಏಜೆನ್ಸಿ, 7995 ಜೂಜು, 6011 ಎಟಿಎಂ ನಗದು. ಬ್ಯಾಂಕಿಗೆ ಹೇಳಿದರೆ ಬೇಕಾದ ವರ್ಗ ಮಾತ್ರ ತೆರೆದಿಡುತ್ತಾರೆ. ಡ್ರೈವರ್‌ನ ಕಾರ್ಡ್ ಪೆಟ್ರೋಲ್ ಬಂಕ್‌ನಲ್ಲಿ ಮಾತ್ರ ನಡೆಯುವಂತೆ ಮಾಡಬಹುದು. ಸಾಫ್ಟ್‌ವೇರ್ ಚಂದಾಗಳಿಗೆ ವರ್ಚುವಲ್ ಕಾರ್ಡ್ ಸಿಕ್ಕರೆ ಒಂದೊಂದು ಚಂದಾಕ್ಕೆ ಒಂದೊಂದು ನಂಬರ್ ಇಡಿ. ಒಂದು ಕಡೆ ಸೋರಿದರೆ ಅದೊಂದನ್ನೇ ಮುಚ್ಚಬಹುದು, ಉಳಿದ ಸೇವೆ ನಿಲ್ಲುವುದಿಲ್ಲ.

ಮಾಲೀಕರ ಮನೆ ಖರ್ಚು ಈ ಕಾರ್ಡ್‌ಗೆ ಬರಬಾರದು. 2023ರ ಜೂನ್ 1ರಿಂದ ಶುರುವಾದ ಹಣಕಾಸು ವರ್ಷಗಳಿಗೆ ಯುಎಇಯಲ್ಲಿ ಕಾರ್ಪೊರೇಟ್ ತೆರಿಗೆ ಇದೆ, 3,75,000 ದಿರ್ಹಮ್ ದಾಟಿದ ಲಾಭಕ್ಕೆ ಶೇಕಡ 9. ವ್ಯವಹಾರಕ್ಕೆ ಸಂಬಂಧ ಇಲ್ಲದ ಖರ್ಚನ್ನು ಕಳೆಯಲು ಬರುವುದಿಲ್ಲ. ತೆರಿಗೆಯೇ ಇಲ್ಲದ ಕಾಲದ ಅಭ್ಯಾಸ ಕೆಲವರಲ್ಲಿ ಇನ್ನೂ ಉಳಿದಿದೆ. ಅದನ್ನು ಬಿಡಿಸುವುದು ಅಕೌಂಟೆಂಟ್‌ಗೆ ಮುಜುಗರದ ಕೆಲಸ. ಆದರೂ ಮೊದಲ ತಿಂಗಳೇ ಹೇಳಿಬಿಡಿ.

ಹಂತ 7: ಬೇರೆ ದೇಶದಲ್ಲಿ ಕಾರ್ಡ್ ಉಜ್ಜುವಾಗ

ನಿಮ್ಮ ಸೇಲ್ಸ್ ಮ್ಯಾನೇಜರ್ ಬೆಂಗಳೂರಿಗೆ ಬಂದು ಹೋಟೆಲ್ ಬಿಲ್ ಕಟ್ಟುತ್ತಾರೆ ಅಂದುಕೊಳ್ಳಿ. ಮಷಿನ್ ಕೇಳುತ್ತದೆ: ರೂಪಾಯಿಯಲ್ಲಿ ಕಟ್ಟುತ್ತೀರಾ, ದಿರ್ಹಮ್‌ನಲ್ಲಾ? ದಿರ್ಹಮ್ ಅಂದರೆ ನಮ್ಮದೇ ಲೆಕ್ಕ, ಸುಲಭ ಅನ್ನಿಸುತ್ತದೆ. ಒತ್ತಬೇಡಿ. ಹಾಗೆ ಒತ್ತಿದರೆ ಆ ಮಷಿನ್‌ನ ಕಡೆಯವರು ತಮ್ಮ ದರದಲ್ಲಿ ಬದಲಾಯಿಸುತ್ತಾರೆ, ಅವರ ಲಾಭ ಸೇರಿಸಿ. ಅದರ ಮೇಲೆ ನಿಮ್ಮ ಬ್ಯಾಂಕೂ ವಿದೇಶಿ ವಹಿವಾಟು ಅಂತ ಶುಲ್ಕ ಹಾಕಬಹುದು. ಯಾವ ದೇಶದಲ್ಲಿದ್ದೀರೋ ಆ ದೇಶದ ಹಣವನ್ನೇ ಒತ್ತಿ. ಕೌಂಟರ್‌ನವರೇ ಕೆಲವೊಮ್ಮೆ ಕೇಳದೆ ಒತ್ತಿಬಿಡುತ್ತಾರೆ, ಹಾಗಾಗಿ ಸ್ಲಿಪ್ ನೋಡಿ ಪಿನ್ ಹಾಕಿ.

ನಿಮ್ಮ ಬ್ಯಾಂಕ್ ನಿಜವಾಗಿ ಎಷ್ಟು ತೆಗೆದುಕೊಳ್ಳುತ್ತದೆ ಅಂತ ತಿಳಿಯಲು ದಿರ್ಹಮ್‌ನಲ್ಲಿ ಒಂದು ಅನುಕೂಲ ಇದೆ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್ ಅಂತ ದರ ಕಟ್ಟಿಹಾಕಲಾಗಿದೆ. ಅಂದರೆ ಡಾಲರ್ ಖರ್ಚಿನಲ್ಲಿ ಮಾರುಕಟ್ಟೆ ಏರಿತು ಇಳಿಯಿತು ಅನ್ನುವ ನೆಪ ಇಲ್ಲ. ಉದಾಹರಣೆಗೆ 500 ಡಾಲರ್‌ನ ಸಾಫ್ಟ್‌ವೇರ್ ಬಿಲ್ ಕಟ್ಟಿದ್ದೀರಿ. ಕಟ್ಟಿದ ದರದಲ್ಲಿ ಅದು 1,836.25 ದಿರ್ಹಮ್. ಸ್ಟೇಟ್‌ಮೆಂಟ್‌ನಲ್ಲಿ 1,890.40 ಅಂತ ಬಂದಿದ್ದರೆ ವ್ಯತ್ಯಾಸ 54.15 ದಿರ್ಹಮ್, ಹತ್ತಿರ ಹತ್ತಿರ ಶೇಕಡ 2.95. ದರಪಟ್ಟಿಯಲ್ಲಿ ಎರಡೇ ಪರ್ಸೆಂಟ್ ಅಂತ ಬರೆದಿದ್ದರೆ ಉಳಿದದ್ದು ಯಾವುದು ಅಂತ ಪತ್ರ ಬರೆದು ಕೇಳಿ. ಪ್ರತಿ ತಿಂಗಳೂ ಒಂದು ಡಾಲರ್ ಎಂಟ್ರಿ ಹೀಗೆ ಭಾಗಿಸಿ ನೋಡುವ ರೂಢಿ ಇಟ್ಟುಕೊಳ್ಳಿ. ಡಾಲರ್ ಖರ್ಚು ಜಾಸ್ತಿ ಇದ್ದರೆ ಅದೇ ಶಾಖೆಯಲ್ಲಿ ಡಾಲರ್ ಖಾತೆಯನ್ನೂ ಡಾಲರ್ ಕಾರ್ಡನ್ನೂ ಕೇಳಿ.

ಹಂತ 8: ದೇಶದೊಳಗಿನ ಪಾವತಿ ಮತ್ತು ಸಂಬಳ

ಐಬಾನ್ ಅಂದರೆ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ. ಯುಎಇ ಐಬಾನ್‌ನಲ್ಲಿ ಅಕ್ಷರ, ಅಂಕಿ ಸೇರಿ 23 ಇರುತ್ತವೆ. ಮೊದಲು ಎ ಮತ್ತು ಇ, ಆಮೇಲೆ ಎರಡು ತಪಾಸಣೆ ಅಂಕಿ, ಮೂರು ಅಂಕಿ ಬ್ಯಾಂಕಿನದ್ದು, ಉಳಿದ 16 ಖಾತೆಯದ್ದು. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ತಪಾಸಣೆ ಅಂಕಿ ಹಿಡಿಯುತ್ತದೆ. ಆದರೆ ಮೋಸಗಾರ ಕೊಟ್ಟ ಐಬಾನ್ ಕೂಡ ಸರಿಯಾದ ಐಬಾನೇ ಆಗಿರುತ್ತದೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ. ಪ್ರತಿ ವರ್ಗಾವಣೆಗೂ ಉದ್ದೇಶದ ಕೋಡ್ ಆರಿಸಬೇಕು. ಸಿಕ್ಕಿದ್ದು ಒತ್ತಬೇಡಿ. ಬಾಡಿಗೆಯನ್ನು ಕುಟುಂಬ ನೆರವು ಅಂತ ಕಳಿಸಿದರೆ ಪ್ರಶ್ನೆ ಬಂದೇ ಬರುತ್ತದೆ.

ಸಣ್ಣ, ಅವಸರದ ಪಾವತಿಗೆ 2023ರಲ್ಲಿ ಬಂದ ಆನಿ ಅನ್ನುವ ತಕ್ಷಣದ ಪಾವತಿ ವ್ಯವಸ್ಥೆ ಇದೆ. ನಿಮ್ಮ ಶಾಖೆ ಕಂಪನಿ ಖಾತೆಗೆ ಅದನ್ನು ಕೊಟ್ಟಿದೆಯಾ ಅಂತ ಕೇಳಿ. ಬಾಡಿಗೆಗೆ ಮುಂದಿನ ದಿನಾಂಕದ ಚೆಕ್ ಕೊಡುವುದು ಅಲ್ಲಿ ಇವತ್ತಿಗೂ ಸಾಮಾನ್ಯ. 2022ರ ಜನವರಿಯಿಂದ ಚೆಕ್ ಬೌನ್ಸ್ ಕಾನೂನು ಬದಲಾಗಿದೆ. ಖಾತೆಯಲ್ಲಿ ಇದ್ದಷ್ಟು ಹಣವನ್ನು ಬ್ಯಾಂಕ್ ಭಾಗಶಃ ಕೊಡಬೇಕು, ಉಳಿದದ್ದಕ್ಕೆ ಚೆಕ್ ಹಿಡಿದವರು ನೇರವಾಗಿ ಜಾರಿ ನ್ಯಾಯಾಲಯಕ್ಕೆ ಹೋಗಬಹುದು. ಜೈಲು ಇಲ್ಲವಂತೆ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಖಾತೆ ಬೇಗ ಜಪ್ತಿ ಆಗುತ್ತದೆ. ಚೆಕ್ ದಿನಾಂಕಗಳನ್ನು ಫೋನ್ ಕ್ಯಾಲೆಂಡರ್‌ನಲ್ಲಿ ಒಂದು ವಾರ ಮೊದಲೇ ಹಾಕಿಡಿ.

ಸಂಬಳದ ವಿಷಯ ಸ್ವಲ್ಪ ವಿವರವಾಗಿ ನೋಡೋಣ. 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ, ಅಂದರೆ ಡಬ್ಲ್ಯುಪಿಎಸ್ ಇದೆ. ಯಾರಿಗೆ ಎಷ್ಟು ಸಂಬಳ ಹೋಯಿತು ಅಂತ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ಅದರ ಮೂಲಕ ಗೊತ್ತಾಗುತ್ತದೆ. ನೀವು ಬ್ಯಾಂಕಿಗೆ ಎಸ್‌ಐಎಫ್ ಅನ್ನುವ ಫೈಲ್ ಕೊಡಬೇಕು. ಅದರಲ್ಲಿ ಎರಡು ತರದ ಸಾಲು ಇರುತ್ತವೆ. ಪ್ರತಿ ನೌಕರನಿಗೆ ಒಂದು ಇಡಿಆರ್ ಸಾಲು: 14 ಅಂಕಿಯ ಕಾರ್ಮಿಕ ಸಂಖ್ಯೆ, ಆತನ ಬ್ಯಾಂಕಿನ 9 ಅಂಕಿಯ ರೂಟಿಂಗ್ ಕೋಡ್, ಐಬಾನ್, ತಿಂಗಳ ಮೊದಲ ದಿನ, ಕೊನೆಯ ದಿನ, ಎಷ್ಟು ದಿನ, ನಿಗದಿತ ಸಂಬಳ, ಬದಲಾಗುವ ಮೊತ್ತ, ರಜೆ. ಫೈಲಿನ ಕೊನೆಗೆ ಒಂದೇ ಒಂದು ಎಸ್‌ಸಿಆರ್ ಸಾಲು: 13 ಅಂಕಿಯ ಕಂಪನಿ ಸಂಖ್ಯೆ, ನಿಮ್ಮ ಬ್ಯಾಂಕಿನ ಕೋಡ್, ದಿನಾಂಕ, ಸಮಯ, ಒಟ್ಟು ಎಷ್ಟು ನೌಕರರು, ಒಟ್ಟು ಎಷ್ಟು ಮೊತ್ತ.

ಫೈಲ್ ತಿರಸ್ಕಾರ ಆಗುವುದು ಇಂಥ ಸಣ್ಣ ಕಾರಣಕ್ಕೇ. ಒಬ್ಬರ ಓವರ್‌ಟೈಮ್ ಕೊನೆ ಗಳಿಗೆಯಲ್ಲಿ ಸೇರಿಸಿ, ಕೆಳಗಿನ ಒಟ್ಟು ಮೊತ್ತ ಬದಲಿಸದೆ ಬಿಟ್ಟರೆ ಇಡೀ ಫೈಲ್ ವಾಪಸ್ ಬರುತ್ತದೆ, ಎಲ್ಲರ ಸಂಬಳವೂ ನಿಲ್ಲುತ್ತದೆ. ಎಕ್ಸೆಲ್‌ನಲ್ಲಿ ತೆರೆದರೆ ಸಂಖ್ಯೆಯ ಮುಂದಿನ ಸೊನ್ನೆ ಮಾಯವಾಗುತ್ತದೆ, ಹಾಗಾಗಿ ಆ ಕಾಲಂಗಳನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ಮೊದಲ ತಿಂಗಳು ಸಂಬಳದ ದಿನಕ್ಕೆ ಮೂರು ಕೆಲಸದ ದಿನ ಮುಂಚೆಯೇ ಫೈಲ್ ಕಳಿಸಿ. ಊರಿಗೆ ಹಣ ಕಳಿಸಲು ಕಾಯುವವರಿಗೆ ಒಂದು ದಿನ ತಡ ಅಂದರೂ ಸಣ್ಣ ವಿಷಯವಲ್ಲ.

ಹಂತ 9: ಭಾರತಕ್ಕೆ ಮತ್ತು ಹೊರದೇಶಕ್ಕೆ ಹಣ

ದಿನ ನೋಡಿ ಕಳಿಸಿ. 2022ರಿಂದ ಯುಎಇಯಲ್ಲಿ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಸರ್ಕಾರಿ ಕಚೇರಿ ಅರ್ಧ ದಿನ. ಡಾಲರ್ ಪಾವತಿ ನ್ಯೂಯಾರ್ಕ್‌ನ ಮಧ್ಯವರ್ತಿ ಬ್ಯಾಂಕ್ ಮೂಲಕ ಹೋಗುವುದರಿಂದ ಶುಕ್ರವಾರ ಮಧ್ಯಾಹ್ನ ಕಳಿಸಿದ್ದು ಸೋಮವಾರಕ್ಕೋ ಮಂಗಳವಾರಕ್ಕೋ ತಲುಪುತ್ತದೆ. ಗುರುವಾರದೊಳಗೆ ಬಿಡುಗಡೆ ಮಾಡುವುದು ಒಳ್ಳೆಯದು.

ಶುಲ್ಕ ಯಾರದ್ದು ಅನ್ನುವುದನ್ನು ಆರಿಸುವ ಮೂರು ಆಯ್ಕೆ ಇರುತ್ತವೆ: ಎಲ್ಲವೂ ಕಳಿಸುವವರದ್ದು, ಹಂಚಿಕೆ, ಎಲ್ಲವೂ ಪಡೆಯುವವರದ್ದು. ಪೀಣ್ಯದ ಪೂರೈಕೆದಾರನ ಬಿಲ್ 10,000 ಡಾಲರ್ ಇದ್ದು, ದಾರಿಯಲ್ಲಿ ಶುಲ್ಕ ಕಡಿತವಾಗಿ 9,970 ತಲುಪಿದರೆ ಆತನಿಗೆ ರಫ್ತು ಬಿಲ್ ಮುಚ್ಚುವಾಗ ಆ 30 ಡಾಲರ್‌ಗೆ ವಿವರಣೆ ಕೊಡಬೇಕಾಗುತ್ತದೆ. ರಿಸರ್ವ್ ಬ್ಯಾಂಕಿನ ರಫ್ತು ವ್ಯವಸ್ಥೆಯಲ್ಲಿ ಒಂದೊಂದು ಶಿಪ್ಪಿಂಗ್ ಬಿಲ್‌ಗೂ ಬಂದ ಹಣ ತಾಳೆ ಆಗಬೇಕು. ಅದಕ್ಕೇ ಪಾವತಿಯ ವಿವರದಲ್ಲಿ ಇನ್‌ವಾಯ್ಸ್ ನಂಬರ್ ತಪ್ಪದೆ ಬರೆಯಿರಿ. ನಿಮಗೆ ಅರ್ಧ ನಿಮಿಷದ ಕೆಲಸ, ಅಲ್ಲಿ ಅವರಿಗೆ ಎರಡು ವಾರದ ಓಡಾಟ ತಪ್ಪುತ್ತದೆ. ಭಾರತದಲ್ಲಿ ಐಬಾನ್ ಇಲ್ಲ, ಖಾತೆ ಸಂಖ್ಯೆ, 11 ಅಕ್ಷರದ ಐಎಫ್‌ಎಸ್‌ಸಿ, ಸ್ವಿಫ್ಟ್ ಕೋಡ್ ಕೊಡಬೇಕು. ರೂಪಾಯಿ, ದಿರ್ಹಮ್‌ನಲ್ಲೇ ವ್ಯವಹಾರ ಮುಗಿಸಲು ಎರಡೂ ದೇಶದ ಕೇಂದ್ರ ಬ್ಯಾಂಕುಗಳು 2023ರ ಜುಲೈನಲ್ಲಿ ಒಪ್ಪಂದ ಮಾಡಿಕೊಂಡಿವೆ. ಭಾರತೀಯ ಬ್ಯಾಂಕಿನ ಶಾಖೆಯಲ್ಲಿದ್ದರೆ ಈ ದಾರಿ ನಿಮಗೆ ಅಗ್ಗವಾ ಅಂತ ವಿಚಾರಿಸಿ.

ಈಗ ಐಬಾನ್ ಮೋಸ. ಇದು ಹೀಗೆ ನಡೆಯುತ್ತದೆ. ನೀವು ಎರಡು ವರ್ಷದಿಂದ ಹಣ ಕಳಿಸುತ್ತಿರುವ ಪೂರೈಕೆದಾರನಿಂದ ಇಮೇಲ್ ಬರುತ್ತದೆ. ಹಳೆಯ ಮೇಲ್‌ಗೇ ಉತ್ತರ, ಅದೇ ಸಹಿ, ಅದೇ ಲೋಗೋ. ಆಡಿಟ್ ನಡೀತಾ ಇದೆ, ಈ ಸಲ ಮಾತ್ರ ಈ ಹೊಸ ಖಾತೆಗೆ ಕಳಿಸಿ ಅಂತ ಇರುತ್ತದೆ. ವಿಳಾಸದಲ್ಲಿ ಒಂದು ಅಕ್ಷರ ಮಾತ್ರ ಬೇರೆ. ಬಿಲ್ ಮೊತ್ತ ಸರಿ ಇದೆ, ಕೊಡಬೇಕಾದ ಹಣವೇ, ಮೇಕರ್ ಹಾಕುತ್ತಾನೆ, ಚೆಕರ್ ಬಿಲ್ ನೋಡಿ ಒಪ್ಪುತ್ತಾನೆ. ಹಣ ಹೋಯಿತು. ಇದನ್ನು ತಡೆಯಲು ಒಂದೇ ನಿಯಮ ಸಾಕು. ಬ್ಯಾಂಕ್ ವಿವರ ಬದಲಾದರೆ, ಆ ಇಮೇಲ್‌ನಲ್ಲಿರುವ ನಂಬರ್‌ಗೆ ಮಾಡದೆ ನಿಮ್ಮ ಹಳೆಯ ಕಡತದಲ್ಲಿರುವ ನಂಬರ್‌ಗೆ ಫೋನ್ ಮಾಡಿ ಅವರ ಬಾಯಿಂದಲೇ ಕೇಳಬೇಕು. ಯಾರು, ಯಾವಾಗ, ಯಾರ ಜೊತೆ ಮಾತಾಡಿದರು ಅಂತ ಬರೆದಿಡದೆ ಚೆಕರ್ ಒಪ್ಪಬಾರದು. ಹಣ ಹೋದದ್ದು ಗೊತ್ತಾದರೆ ಆ ಗಳಿಗೆಯಲ್ಲೇ ಬ್ಯಾಂಕಿಗೆ ವಾಪಸ್ ಕೋರಿಕೆ ಕೊಡಿ, ಪೊಲೀಸ್ ದೂರು ಕೊಡಿ. ಬೆಳಗ್ಗೆ ನೋಡೋಣ ಅನ್ನಬೇಡಿ.

ಹಂತ 10: ತಿಂಗಳ ಕೊನೆಯ ಲೆಕ್ಕ

ಕಾರ್ಡ್ ಸ್ಲಿಪ್ ತೆರಿಗೆ ಬಿಲ್ ಅಲ್ಲ. 2018ರ ಜನವರಿ 1ರಿಂದ ಶೇಕಡ 5 ವ್ಯಾಟ್ ಇದೆ. ಅದನ್ನು ವಾಪಸ್ ಕೇಳಬೇಕಾದರೆ ಮಾರಿದವರ 15 ಅಂಕಿಯ ಟಿಆರ್‌ಎನ್ (ತೆರಿಗೆ ನೋಂದಣಿ ಸಂಖ್ಯೆ) ಇರುವ ಬಿಲ್ ಬೇಕು. ಬಿಲ್‌ನ ಫೋಟೋ ಅವತ್ತೇ ಕಳಿಸಬೇಕು ಅಂತ ಕಾರ್ಡ್ ಇರುವವರಿಗೆಲ್ಲ ಹೇಳಿ. ಆ ತೆಳು ಕಾಗದದ ಅಕ್ಷರ ಅಲ್ಲಿಯ ಬಿಸಿಲಿಗೆ, ಕಾರಿನಲ್ಲಿಟ್ಟರೆ ಬೇಗ ಅಳಿಸಿಹೋಗುತ್ತದೆ.

ಒಂದು ಎಂಟ್ರಿ ಹತ್ತಿರದಿಂದ ನೋಡಿ. ದೇರಾದಲ್ಲಿ ಗ್ರಾಹಕರಿಗೆ ಊಟ, ಬಿಲ್ 420 ದಿರ್ಹಮ್. ಅದರಲ್ಲಿ 400 ಊಟ, 20 ವ್ಯಾಟ್. ಗ್ರಾಹಕರ ಸತ್ಕಾರಕ್ಕೆ ವ್ಯಾಟ್ ವಾಪಸ್ ಸಿಗುವುದಿಲ್ಲ, ಹಾಗಾಗಿ 20 ಕೂಡ ಖರ್ಚಿಗೇ ಸೇರುತ್ತದೆ. ಕಾರ್ಪೊರೇಟ್ ತೆರಿಗೆಯಲ್ಲಿ ಸತ್ಕಾರದ ಖರ್ಚಿನ ಅರ್ಧ ಮಾತ್ರ ಕಳೆಯಬಹುದು, ಅಂದರೆ 210. ಯಾರ ಜೊತೆ ಊಟ, ಯಾವ ವಿಷಯಕ್ಕೆ ಅಂತ ಬಿಲ್ ಹಿಂದೆ ಬರೆದಿರಬೇಕು. ಅದೇ ಊಟವನ್ನು ಪ್ರಯಾಣ ವೆಚ್ಚದ ತಲೆಯಡಿ ಹಾಕಿಬಿಟ್ಟರೆ ಎರಡೂ ಕಡೆ ಲೆಕ್ಕ ತಪ್ಪುತ್ತದೆ. ಹೊರದೇಶದ ಸಾಫ್ಟ್‌ವೇರ್ ಚಂದಾಗಳಿಗೆ ವ್ಯಾಟ್ ಹಾಕಿರುವುದಿಲ್ಲ. ನೀವು ನೋಂದಾಯಿತರಾಗಿದ್ದರೆ ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ಮಾರುವವರ ಬದಲು ಕೊಳ್ಳುವವರೇ ಲೆಕ್ಕ ಕೊಡುವ ಕ್ರಮದಲ್ಲಿ, ಆ ವ್ಯಾಟನ್ನು ನೀವೇ ತೋರಿಸಬೇಕು. ಬ್ಯಾಂಕ್ ಶುಲ್ಕದ ಮೇಲೂ ವ್ಯಾಟ್ ಇದೆ, ಅದರ ಟ್ಯಾಕ್ಸ್ ಇನ್‌ವಾಯ್ಸ್ ನೆಟ್ ಬ್ಯಾಂಕಿಂಗ್‌ನಲ್ಲಿ ಸಿಗುತ್ತದೆ. ಎಷ್ಟೋ ಕಂಪನಿಗಳು ಅದನ್ನು ಇಳಿಸಿಕೊಳ್ಳುವುದೇ ಇಲ್ಲ. ಕಾರ್ಪೊರೇಟ್ ತೆರಿಗೆಗಾಗಿ ದಾಖಲೆಗಳನ್ನು 7 ವರ್ಷ ಇಡಬೇಕು.

ಬ್ಯಾಂಕಿನ ಶುಲ್ಕವೋ, ತಪ್ಪು ಕಡಿತವೋ ಬಗೆಹರಿಯದಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ತೆಗೆದುಕೊಳ್ಳಿ. ಅಲ್ಲಿ ಆಗದಿದ್ದರೆ ಬ್ಯಾಂಕ್ ಮತ್ತು ವಿಮೆ ದೂರುಗಳಿಗೆಂದೇ ಇರುವ ಸನದಕ್ ಅನ್ನುವ ಘಟಕ ಇದೆ.

ಹಂತ 11: ನೌಕರ ಬಿಟ್ಟಾಗ, ಲೈಸೆನ್ಸ್ ಮುಗಿದಾಗ

ನೌಕರ ರಾಜೀನಾಮೆ ಕೊಟ್ಟ ದಿನವೇ ಕಾರ್ಡ್ ಮಿತಿ ಇಳಿಸಿ, ಕೊನೆಯ ದಿನಕ್ಕೆ ಮುಂಚೆ ರದ್ದು ಮಾಡಿಸಿ. ಪ್ಲಾಸ್ಟಿಕ್ ಕತ್ತರಿಸಿದರೆ ಕಾರ್ಡ್ ಸತ್ತಂತಲ್ಲ. ಫೋನಿನಲ್ಲಿ ಉಳಿಸಿದ ನಂಬರ್, ಟ್ಯಾಕ್ಸಿ ಆಪ್, ಸಾಲಿಕ್ ಟೋಲ್ ರೀಚಾರ್ಜ್, ಹೋಟೆಲ್ ಬುಕಿಂಗ್, ಎಲ್ಲ ಕಡೆ ಅದು ಕೂತಿರುತ್ತದೆ. ಹಿಂದಿನ ಮೂರು ಸ್ಟೇಟ್‌ಮೆಂಟ್ ತೆಗೆದು ಪದೇ ಪದೇ ಬರುವ ಎಂಟ್ರಿಗಳ ಪಟ್ಟಿ ಮಾಡಿ ಬೇರೆ ಕಾರ್ಡ್‌ಗೆ ಬದಲಿಸಿ. ಬ್ಯಾಂಕಿನಿಂದ ರದ್ದತಿ ಪತ್ರ ಪಡೆದು ಒಂದು ಪ್ರತಿ ನೌಕರನಿಗೂ ಕೊಡಿ. ಆತನ ಹೆಸರು ಕ್ರೆಡಿಟ್ ಬ್ಯೂರೋದಲ್ಲಿ ಸ್ವಚ್ಛವಾಗಿ ಉಳಿಯಬೇಕಲ್ಲ. ಆತ ನೆಟ್ ಬ್ಯಾಂಕಿಂಗ್‌ನಲ್ಲಿ ಮೇಕರ್ ಆಗಿದ್ದರೆ ಆ ಲಾಗಿನ್ ಕೂಡ ಅವತ್ತೇ ಮುಚ್ಚಬೇಕು.

ಟ್ರೇಡ್ ಲೈಸೆನ್ಸ್ ಪ್ರತಿ ವರ್ಷವೋ ನೀವು ತೆಗೆದ ಅವಧಿಗೋ ಮುಗಿಯುತ್ತದೆ. ಹೊಸ ಪ್ರತಿ ಬ್ಯಾಂಕಿಗೆ ತಲುಪದಿದ್ದರೆ ಖಾತೆಗೆ ತಡೆ ಬೀಳಬಹುದು. ಸಹಿದಾರರ ಎಮಿರೇಟ್ಸ್ ಐಡಿ, ಪಾಸ್‌ಪೋರ್ಟ್ ಮುಗಿದರೂ ಹಾಗೇ. ನವೀಕರಣ ಆದ ದಿನವೇ ಕೌಂಟರ್‌ನಲ್ಲೋ ಆಪ್‌ನಲ್ಲೋ ಕೊಟ್ಟು, ಸ್ವೀಕೃತಿ ಇಮೇಲ್ ಬಂದಿದೆಯಾ ನೋಡಿ. ಈ ದಿನಾಂಕಗಳು ಸಂಬಳದ ವಾರದಲ್ಲಿ ಬೀಳುತ್ತವಾ ಅಂತ ವರ್ಷದ ಶುರುವಿನಲ್ಲೇ ಕ್ಯಾಲೆಂಡರ್ ತೆಗೆದು ನೋಡಿ. ಬೀಳುತ್ತಿದ್ದರೆ ನವೀಕರಣವನ್ನು ಒಂದು ತಿಂಗಳು ಮುಂಚೆಯೇ ಶುರು ಮಾಡಿ.